ಅಕ್ಕನನ್ನು ಪುಟದಿಂದಾಚೆ ಕಳಿಸಿದ ಸಂಪಾದಕರಿಗೆ

ಮಾನ್ಯ ಸಂಪಾದಕರೇ,

ಬಂದ ಚಿತ್ರಗಳ ರಾಶಿಯ ಮುಂದೆ ಕಣ್ಣು ಕೆಂಪಾಗಿಸಿಕೊಂಡು, ಒಂದನ್ನು ಆರಿಸಿ ಉಳಿದವಕ್ಕೆಲ್ಲ ವಿಷಾದಪತ್ರ ಬರೆಯುವ ತಮ್ಮ ದಣಿದ ಕೈಗಳಿಗೆ ಮೊದಲು ನನ್ನ ನಮಸ್ಕಾರ. ಈ ಸಲ ಆ ಕೈ ನನ್ನ ಚಿತ್ರದ ಮೇಲೆ ನಿಂತದ್ದು ನನ್ನ ಪುಣ್ಯ. ನಿಂತ ಕೈಯಲ್ಲಿ ಕತ್ತರಿಯೂ ಇತ್ತೆಂಬುದು ಮಾತ್ರ ನನಗೆ ತಡವಾಗಿ ತಿಳಿಯಿತು.

ತಮಗೆ ಕಳಿಸಿದ್ದು ನಾನು ಬರೆದ ನನ್ನ ಅಕ್ಕನ ಚಿತ್ರ. ಅವಳು ದರ್ಜಿ. ಚಿಕ್ಕಂದಿನಲ್ಲಿ ಇಸ್ತ್ರಿಪೆಟ್ಟಿಗೆ ತಾಗಿ ಎಡಗೆನ್ನೆಯ ಮೇಲೆ ಸುಟ್ಟ ಕಲೆ ಉಳಿದದ್ದರಿಂದ, ಮನೆಯ ಯಾವ ಫೋಟೋಗೂ ಅವಳು ಪೂರ್ತಿ ಮುಖ ಕೊಟ್ಟವಳಲ್ಲ. ಈ ವರ್ಷ ಅದೇನನ್ನಿಸಿತೋ, ಹೊಲಿಗೆ ಯಂತ್ರದ ಮುಂದೆ ಕೂತು, "ಬರೆಯೋದಾದ್ರೆ ಈ ಕಡೆಯಿಂದಲೇ ಬರಿ, ಮುಚ್ಚಿಟ್ಟು ಸಾಕಾಗಿದೆ" ಅಂದಳು. ಬರೆದೆ. ತಾವು ಆಯ್ಕೆ ಮಾಡಿದ್ದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡಳು; ಪತ್ರಿಕೆ ಬಂದ ದಿನ ನೆರೆಹೊರೆಯವರನ್ನು ಕೂರಿಸಿಕೊಂಡೇ ಪುಟ ತೆರೆದಳು.

ಪುಟದಲ್ಲಿ ಯಂತ್ರವಿತ್ತು, ಕಿಟಕಿಯಿತ್ತು, ಅಕ್ಕನ ಮೊಣಕೈಯ ತುದಿಯೂ ಇತ್ತು. ಅಡಿಯಲ್ಲಿ ತಮ್ಮ ಘನವಾದ ಟಿಪ್ಪಣಿ: 'ಇಲ್ಲಿ ಹೆಣ್ಣಿನ ಗೈರುಹಾಜರಿಯೇ ಮಾತನಾಡುತ್ತದೆ.' ಮಾನ್ಯರೇ, ಹೆಣ್ಣು ಹಾಜರಿದ್ದಳು. ತಾವೇ ಅವಳನ್ನು ಹೊರಗೆ ಕಳಿಸಿ, ಆಮೇಲೆ ಅವಳಿಲ್ಲದ್ದನ್ನು ಎಷ್ಟು ಸೂಕ್ಷ್ಮವಾಗಿ ಗುರುತಿಸಿದಿರಿ.

"ಮುಂದಿನ ಪುಟದಲ್ಲಿರಬೇಕು" ಎಂದು ಅಕ್ಕ ಹಾಳೆ ತಿರುವಿದಳು. ಅಲ್ಲಿ ಬಣ್ಣದ ಡಬ್ಬಿಯ ಜಾಹೀರಾತಿತ್ತು. ಪಕ್ಕದ ಮನೆಯಾಕೆ ಸಂಕಟದಿಂದ, "ಮೆಷಿನ್ ಮಾತ್ರ ತುಂಬಾ ಚೆನ್ನಾಗಿ ಬಂದಿದೆ" ಅಂದಳು. ಅಕ್ಕ ನಕ್ಕಳು, ಕೈ ತಾನಾಗಿ ಕೆನ್ನೆಗೆ ಹೋಯಿತು.

ಮರುದಿನ ಫೋನಿನಲ್ಲಿ ವಿಚಾರಿಸಿದಾಗ ತಮ್ಮ ಕಚೇರಿಯವರು, "ಮುಖದ ಮೇಲೆ ಏನೋ ಕಲೆ ಇತ್ತು ಮೇಡಂ, ಪ್ರಿಂಟಲ್ಲಿ ಚೆನ್ನಾಗಿ ಕಾಣಲ್ಲ ಅಂತ ತೆಗೆದ್ವಿ" ಎಂದರು. ಕಲೆಗೆ ಜಾಗವಿಲ್ಲದ ಕಲಾಪತ್ರಿಕೆ ನಡೆಸುವುದು ಸಾಮಾನ್ಯ ಸಾಹಸವಲ್ಲ. ಅಂಥ ಸಾಹಸಿಗಳಲ್ಲಿ ನನ್ನ ಅರಿಕೆ ಇಷ್ಟೇ: ಕೆನ್ನೆಗೆ ಹೋದ ಆ ಕೈಯನ್ನು ತಾವು ಬಂದು ಇಳಿಸಿಕೊಡಬೇಕು; ಅದಾಗದಿದ್ದರೆ, ಕತ್ತರಿಸಿದ ಭಾಗವನ್ನು ಓದುಗರೊಬ್ಬೊಬ್ಬರ ಮನೆಗೂ ಹೋಗಿ, ಬಾಗಿಲು ತಟ್ಟಿ, ತಮ್ಮ ಕೈಯಾರೆ ಅಂಟಿಸಿ ಬರಬೇಕು.

ಮೂಲಚಿತ್ರ ಮರಳಿ ಬಂದಿದೆ. ಕೆಲವು ದಿನ ಅದು ಗೋಡೆಗೆ ಮುಖ ಮಾಡಿ ನಿಂತಿತ್ತು. ಮೊನ್ನೆ ಬೆಳಿಗ್ಗೆ ಅಕ್ಕನೇ ಮೊಳೆ ಹೊಡೆದು, ಬೀದಿಗೆ ಕಾಣುವಂತೆ ಅಂಗಡಿಯಲ್ಲಿ ತೂಗುಹಾಕಿದಳು. ಅದಕ್ಕೆ ಯಾವ ಆಯ್ಕೆ ಸಮಿತಿಯೂ ಸೇರಬೇಕಾಗಲಿಲ್ಲ.

ಸದ್ಯಕ್ಕೆ ಇಡಿಯಾಗಿಯೇ ಉಳಿದಿರುವ
ತಮ್ಮ ವಿಶ್ವಾಸಿ,
ದರ್ಜಿಯ ತಂಗಿ

ಮರೆತ ಮಾತು: ತಾವು ಹೊಲಿಯಲು ಕಳಿಸಿದ್ದ ಕೋಟು ಅಕ್ಕನ ಅಂಗಡಿಗೇ ಬಂದಿತ್ತೆಂದು ಈಗ ತಿಳಿಯಿತು. ಸಿದ್ಧವಾಗಿದೆ, ಬಹಳ ಚೆನ್ನಾಗಿ ಬಂದಿದೆ. ಸ್ಥಳಾಭಾವದಿಂದ ತೋಳುಗಳನ್ನು ಮಾತ್ರ ಕೈಬಿಡಲಾಗಿದೆ.