ಒಂಬತ್ತನೇ ಕೋಟೆ

ಎಲ್ಲ ಶುರುವಾದದ್ದು ಒಂದು ಪುಕ್ಕಟೆ ಚಹಾದಿಂದ.

ಕುಮಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಬೊಮ್ಮಯ್ಯ ಗಂಟೆ ಲೆಕ್ಕದಲ್ಲಿ ಟಿವಿ ಆಟ ಆಡಿಸುವ ಪ್ಲೇಸ್ಟೇಶನ್ ಅಂಗಡಿ ಇಟ್ಟು ಒಂದು ವರ್ಷವಾಗಿತ್ತು. ಅಷ್ಟು ದಿನದಲ್ಲಿ ಆತ ಆಡಲು ಬಂದವರಿಗೆ ನೀರು ಬೇಕೇ ಎಂದು ಕೂಡ ಕೇಳಿದವನಲ್ಲ. ಹೋದ ವಾರ ಎದುರು ಸಾಲಿನಲ್ಲಿ ಪ್ರಕಾಶ ಎನ್ನುವವನು ಭಟ್ಕಳದ ದುಬೈ ಮಾಲಿನ ಅಂಗಡಿಯಿಂದ ಎಕ್ಸ್‌ಬಾಕ್ಸ್ ಎಂಬ ಇನ್ನೊಂದು ಜಾತಿಯ ಆಟದ ಯಂತ್ರ ತಂದು ಬಾಗಿಲು ತೆರೆದದ್ದೇ ತಡ, ಬೊಮ್ಮಯ್ಯನ ಮಾತಿಗೆ ಎಲ್ಲಿಲ್ಲದ ಸಿಹಿ ಬಂದುಬಿಟ್ಟಿತು. ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನರೇಶ ಒಳಗೆ ಕಾಲಿಡುತ್ತಲೇ ಚಹಾ ಬಂತು.

ನರೇಶ ನಾಯ್ಕ ಸಹಕಾರಿ ಸಂಘದ ಗುಮಾಸ್ತ. ಮೂವತ್ತಾರು ವರ್ಷ. ಪಾಪ, ಜೀವನದಲ್ಲಿ ಹಿಡಿದದ್ದನ್ನು ಮುಗಿಸಿದ ಮನುಷ್ಯನಲ್ಲ. ಟೈಪಿಂಗ್ ಪರೀಕ್ಷೆ ಅರ್ಧಕ್ಕೆ ನಿಂತಿತು. ಚೆಂಡೆ ಕಲಿಯುತ್ತೇನೆಂದು ಕರ್ಕಿಗೆ ಹೋದವನು ತಿಂಗಳಿಗೇ ವಾಪಸು ಬಂದ. ಮನೆಯ ಕಂಪೌಂಡ್ ಗೋಡೆ ಮೂರು ವರ್ಷದಿಂದ ಮೊಣಕಾಲು ದಾಟಿಲ್ಲ. ಹೆಂಡತಿ ಮಾಲಿನಿ ಇದನ್ನು ಬಂದವರಿಗೆಲ್ಲ ಕರೆದು ತೋರಿಸುತ್ತಾಳೆ. ಅವಳೀಗ ಮಗುವಿನೊಂದಿಗೆ ಶಿರಾಲಿಯ ತವರಿನಲ್ಲಿದ್ದಾಳೆ. ಅವಳು ಹೋದ ಮೇಲಿನ ನಾಲ್ಕು ಭಾನುವಾರಗಳಲ್ಲಿ ನರೇಶ ಒಂದು ಆಟದ ಎಂಟು ಕೋಟೆಗಳನ್ನು ಗೆದ್ದಿದ್ದ. ಕೊನೆಯದಾದ ಒಂಬತ್ತನೆಯದರಲ್ಲಿ ಕಬ್ಬಿಣದ ದೈತ್ಯನೊಬ್ಬ ಕುಳಿತಿದ್ದ. ಮಾಲಿನಿ ನಾಳೆ ಬರುತ್ತಾಳೆ. ಬಂದ ಮೇಲೆ ಭಾನುವಾರವೂ ಇಲ್ಲ, ಕೋಟೆಯೂ ಇಲ್ಲ. ಏನೇ ಆಗಲಿ, ಇದೊಂದನ್ನಾದರೂ ಇವತ್ತು ತನ್ನ ಕೈಯಿಂದಲೇ ಮುಗಿಸಿ ಏಳುತ್ತೇನೆಂದು ಆತ ಹಟ ತೊಟ್ಟು ಬಂದಿದ್ದ.

ಒಂದು ಕೈಯಲ್ಲಿ ಚಹಾ ಹಿಡಿದದ್ದೇ ದೈತ್ಯನಿಗೆ ಸಾಕಾಯಿತು. ಒಂದೇ ಒದೆತಕ್ಕೆ ನರೇಶನ ವೀರ ಕಂದಕಕ್ಕೆ ಬಿದ್ದ.

ಬಾಗಿಲಲ್ಲಿ ಪ್ರಕಾಶನ ತಲೆ ಕಾಣಿಸಿತು. "ನರೇಶಣ್ಣ, ಎಂತ ಮಾಡ್ತ್ರಿ ಆ ಹಳೆ ಡಬ್ಬದ ಮುಂದೆ? ನಮ್ಮಲ್ಲಿಗೆ ಬನ್ನಿ. ಮೊದ್ಲ ಅರ್ಧ ಗಂಟೆ ಪುಕ್ಸಟೆ."

"ಬೇಡ ಮಾರಾಯ. ನಾನು ಆಡಿದ್ದೆಲ್ಲ ಈ ಕಾರ್ಡಲ್ಲೇ ಅದೆ" ಎಂದು ನರೇಶ ಬೆಂಕಿಪೊಟ್ಟಣದಷ್ಟು ದೊಡ್ಡ ಮೆಮರಿ ಕಾರ್ಡನ್ನು ಯಂತ್ರದಿಂದ ಹೊರಗೆಳೆದು ತೋರಿಸಿದ. ತೋರಿಸಬಾರದಿತ್ತು.

"ಅಷ್ಟೇ ಅಲ್ದಾ?" ಎಂದವನೇ ಪ್ರಕಾಶ ಅದನ್ನು ಕಿತ್ತುಕೊಂಡು ರಸ್ತೆ ದಾಟಿಬಿಟ್ಟ. ನರೇಶ ಬರಿಗಾಲಲ್ಲಿ ಹಿಂದೆ ಓಡಿದ. ಕಾರ್ಡು ಎಕ್ಸ್‌ಬಾಕ್ಸಿನ ಯಾವ ತೂತಿಗೂ ಹೋಗಲಿಲ್ಲ. ಪ್ರಕಾಶ ಒತ್ತಿ ನೋಡಿದ, ತಿರುಗಿಸಿ ನೋಡಿದ, ಕೊನೆಗೆ ಸ್ಕ್ರೂಡ್ರೈವರಿಗೆ ಕೈ ಹಾಕಿದ. ನರೇಶ ನಡುವೆ ನುಗ್ಗಿದ. ಕಾರ್ಡನ್ನು ಕಸಿದುಕೊಂಡು, ಎದೆಗೆ ಅವುಚಿಕೊಂಡು ಮರಳಿದ.

ಬೊಮ್ಮಯ್ಯನ ಮುಖ ಸಣ್ಣದಾಗಿತ್ತು. "ಕಡಿಗೆ ನೀವೂ ಅವ್ನ ಬಾಗ್ಲು ತುಳಿದ್ರಿ ನಾಯ್ಕರೆ. ನಮ್ಮಲ್ಲಿ ಎಂತ ಕಮ್ಮಿ ಆತು?"

ಉತ್ತರಕ್ಕೆ ಕಾಯದೆ ದಿಂಬು ತಂದ, ಟೇಬಲ್ ಫ್ಯಾನ್ ತಂದ. ಇದನ್ನು ಕಂಡು ಪ್ರಕಾಶ ಒಂದು ಎಳನೀರು ಕಳಿಸಿದ. ಬೊಮ್ಮಯ್ಯ ಎರಡು ಕೆತ್ತಿಸಿದ. ಒಂದೊಂದು ಸತ್ಕಾರಕ್ಕೆ ಒಂದೊಂದು ಸಲ ನರೇಶನ ವೀರ ಸತ್ತ.

ಮೀನು ಮಾರುವ ಕಮಲಿ ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದಳು. "ಒಳ್ಳೇದೇ ಆತು ತಮಾ. ನಾ ಒಬ್ಳೇ ಕೂತ ದಿನ ಬಂಗಡೆಗೆ ನಾ ಹೇಳಿದ್ದೇ ದರ. ಬದಿಗೆ ಇನ್ನೊಬ್ಳು ಬಂದು ಕೂತ್ಲು ಅಂದ್ರೆ ಗಿರಾಕಿಗೆ ಹಬ್ಬ."

"ಹಬ್ಬ ಆತು ಕಮಲಕ್ಕ. ಆಟ ಒಂದು ಆಗ್ಲಿಲ್ಲ" ಎಂದ ನರೇಶ ಹಲ್ಲು ಕಚ್ಚಿಕೊಂಡು ಮತ್ತೆ ಶುರುಮಾಡಿದ.

ಮಧ್ಯಾಹ್ನ ಒಂದೂವರೆಗೆ ದೈತ್ಯನ ಜೀವ ನೂಲೆಳೆಯಷ್ಟೇ ಉಳಿದಿತ್ತು. ಅಷ್ಟರಲ್ಲಿ ಎದುರಿನಿಂದ ಪ್ರಕಾಶ, "ನರೇಶಣ್ಣ, ಬಿರಿಯಾನಿ ತರ್ಸಿದ್ದೆ!" ಎಂದು ಕೂಗಿದ. ಬೊಮ್ಮಯ್ಯ ಹೌಹಾರಿ ನರೇಶನ ರಟ್ಟೆ ಹಿಡಿದ.

"ಅವ್ನ ಬಿರಿಯಾನಿ ಉಂಡ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು? ಏಳಿ, ಹಿಂದೇ ಮನೆ. ಉಣ್ದೆ ಆಡೂಕೆ ಬಿಡೂದಿಲ್ಲ."

ನರೇಶ ಆಟವನ್ನು ನಿಲ್ಲಿಸಿಟ್ಟು ಎದ್ದ. ಬೊಮ್ಮಯ್ಯನ ಹೆಂಡತಿ ಮಾಸ್ತಮ್ಮ ಎಲೆ ಹಾಕಿ, ಅನ್ನ, ಮೀನು ಸಾರು ಬಡಿಸಿ ಮಾಯವಾದಳು. ಆಮೇಲೆ ಜನ್ಮದಲ್ಲಿ ಸೌಟು ಮುಟ್ಟದ ಬೊಮ್ಮಯ್ಯನೇ ಸುರಿದದ್ದು. ನರೇಶ ಅವಸರದಲ್ಲಿ ಮುಳ್ಳು ಬಿಡಿಸಿ ನುಂಗಿ, ಕೈ ತೊಳೆದು ಓಡಿಬಂದ.

ಟಿವಿಯಲ್ಲಿ ಸಂಗೀತ ಮೊಳಗುತ್ತಿತ್ತು. ಸಿನಿಮಾ ಮುಗಿದಾಗಿನಂತೆ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದವು. ಮುಂದೆ ಮಾಸ್ತಮ್ಮ ಕುಳಿತಿದ್ದಳು.

"ಬಿದ್ದ" ಎಂದಳು.

"ಯಾರು ಅಕ್ಕ?"

"ಆ ಕಬ್ಬಿಣದವ. ನೀವು ಬರೀ ಕಾಲಿಗೆ ಹೊಡೀತಿದ್ರಿ. ಅವಂಗೆ ಪೆಟ್ಟು ತಾಗೂದು ಕುತ್ಗಿಗೆ. ನಾ ಕಸ ಗುಡ್ಸೂಕೆ ಬಂದಾಗೆಲ್ಲ ಒಂದ್ಸಲ ಕೆಡವ್ತೆ."

ಬೊಮ್ಮಯ್ಯ ಎದೆಯುಬ್ಬಿಸಿ ಹಿಂದೆ ನಿಂತಿದ್ದ. "ನಾನೇ ಹೇಳಿದ್ದೆ, ಬೆಳಿಗ್ಗಿಂದ ಒದ್ದಾಡ್ತಿದ್ರು, ಮುಗ್ಸಿ ಕೊಡು ಹೇಳಿ. ಇಪ್ಪತ್ತು ವರ್ಷ ತಾಲೂಕು ಕಚೇರಿ ಎದ್ರು ಕೂತು ಅರ್ಜಿ ಬರ್ದವ ನಾನು ನಾಯ್ಕರೆ. ಬಂದವ್ರ ಕೈಲಿ ಪೆನ್ನು ಕೊಟ್ಟು ಬರ್ಸೂದಲ್ಲ, ಬರ್ದು ಕೊಡೂದು. ಆ ಪ್ರಕಾಶನ ಹತ್ರ ಈ ಸೇವೆ ಸಿಗ್ತದಾ?"

"ಕಾರ್ಡಲ್ಲಿ ನಂದು ಎಂಟು ಕೋಟೆ ಗೆದ್ದ ಹಳೇ ಆಟ ಇರ್ಬೇಕಲ್ಲ?" ನರೇಶ ಕಾರ್ಡಿನತ್ತ ಬಗ್ಗಿದ.

"ಅದ್ನ ಅಳ್ಸಿ ಅದ್ರ ಮೇಲೇ ಇದ್ನ ಹಾಕ್ದೆ. ನಿಮ್ಮ ಹೆಸ್ರಲ್ಲೇ" ಎಂದಳು ಮಾಸ್ತಮ್ಮ ಸಮಾಧಾನದಿಂದ.

ನರೇಶನಿಗೆ ಅಳು ಬಂತು. ಬಾಳಿನಲ್ಲಿ ಅವನ ಹೆಸರಿನಲ್ಲಿ ಮುಗಿದದ್ದು ಇದೊಂದೇ, ಅದು ಮುಗಿಯುವಾಗ ಅವನು ಬಂಗಡೆಯ ಮುಳ್ಳು ಬಿಡಿಸುತ್ತಿದ್ದ. ಆದರೆ ಗಂಟೆ ಇನ್ನೂ ಎರಡೂವರೆ. ಕಣ್ಣೊರೆಸಿಕೊಂಡು ನೆಟ್ಟಗೆ ರಸ್ತೆ ದಾಟಿದ.

"ಪ್ರಕಾಶ, ಸಂಜೆಯೊಳಗೆ ಮುಗಿಯೂ ಸಣ್ಣ ಗೇಮ್ ಒಂದು ಹಾಕು. ಚಾ ಬೇಡ, ಬಿರಿಯಾನಿ ಬೇಡ. ಬಾಗ್ಲು ಹಾಕು, ಯಾರನ್ನೂ ಒಳಗೆ ಬಿಡ್ಬೇಡ. ಇವತ್ತು ಒಂದು ಗೇಮ್ ಮುಗಿಲೇಬೇಕು!"

"ಎಂತ ಆತು ನರೇಶಣ್ಣ?"

ನರೇಶ ಆದದ್ದೆಲ್ಲ ಹೇಳಿದ. ಕೇಳುತ್ತ ಕೇಳುತ್ತ ಪ್ರಕಾಶನ ಮುಖ ಕೆಂಪೇರಿತು. ಎದ್ದು ಬಾಗಿಲು ಹಾಕಿ ಚಿಲಕ ಸಿಕ್ಕಿಸಿದ. ನರೇಶನನ್ನು ಭುಜ ಹಿಡಿದು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದ.

"ಅವ್ರು ಒಂದು ಮುಗ್ಸಿ ಕೊಟ್ರಾ? ನೀವು ಕೂತ್ಕಳಿ ಸಾಕು, ಸಂಜೆಯೊಳಗೆ ನಾನು ಎರಡು ಮುಗ್ಸಿ ಕೊಡ್ತೆ" ಎಂದವನೇ ಜಾಯ್‌ಸ್ಟಿಕ್ ಹಿಡಿದು ಟಿವಿಯ ಮುಂದೆ ಕುಳಿತ.