ಮುಕ್ಕಾಲು ಬೆಲೆಯ ಕಾರು

"ಲೋಕದ ಕಾರುಗಳೆಲ್ಲ ಬೆಲೆ ಕಳ್ಕೊಳ್ಳಲಿ, ನನ್ನದು ಐದು ವರ್ಷ ಆದ್ಮೇಲೂ ಮುಕ್ಕಾಲು ಬೆಲೆಗೆ ಹೋಗುತ್ತೆ. ಬರೆದಿಟ್ಕೊಳ್ಳಿ ಅತ್ತೆ" ಎಂದು ಕಾರು ಮನೆಗೆ ಬಂದ ದಿನವೇ ಅಳಿಯಂದಿರು ಸಾರಿಬಿಟ್ಟರು. ಅತ್ತೆ ಬರೆದಿಟ್ಟುಕೊಳ್ಳಲಿಲ್ಲ, ಕನ್ನಡಕ ಹುಡುಕುತ್ತಿದ್ದರು. ಕನ್ನಡಕದ ಅಂಗಡಿ ಇಟ್ಟವರ ಮನೆಯಲ್ಲಿ ಹೊತ್ತಿಗೆ ಒಂದು ಕನ್ನಡಕ ಸಿಗುವುದಿಲ್ಲ, ಅದಿರಲಿ.

ದಿನವಿಡೀ ಗಾಜು ಉಜ್ಜಿ ಗೀರು ಹುಡುಕುವ ಕಣ್ಣು ಅಳಿಯಂದಿರದು. ಅದು ಕಾರಿನ ಮೇಲೆ ಬಿದ್ದರೆ ಕೇಳಬೇಕೇ? ಉದ್ದ ಡಿಕ್ಕಿಯ ಸೆಡಾನು, ತೀರಾ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಸೀಟಿನ ಪ್ಲಾಸ್ಟಿಕ್ ಬಿಚ್ಚಲೇ ಇಲ್ಲ. ಮೊಮ್ಮಗಳು ಬಿಸ್ಕತ್ತು ತಿನ್ನಬೇಕೆಂದರೆ ಕಾರು ನಿಲ್ಲಿಸಿ ರಸ್ತೆಗೆ ಇಳಿಸುತ್ತಿದ್ದರು. ಅತ್ತೆ ಊರುಗೋಲಿಗೆ ಟವೆಲು ಸುತ್ತಿಕೊಂಡು ಹತ್ತಬೇಕಿತ್ತು, ಮಹಾರಾಣಿಯ ರಥವೇನೋ ಅನ್ನುವ ಹಾಗೆ.

ಅತ್ತೆಯ ಮಗಳು ನರ್ಸು. ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗಿಬರುವಷ್ಟರಲ್ಲಿ ಅವಳ ಕಾಲು ಕಾಲಾಗಿ ಉಳಿಯುತ್ತಿರಲಿಲ್ಲ. "ನಾನೂ ಓಡಿಸೋದು ಕಲೀತೀನಿ ಕಣ್ರೀ" ಎಂದಾಗಲೆಲ್ಲ ಒಂದೇ ಉತ್ತರ.

"ಇದರಲ್ಲಿ ಬೇಡ. ಕಲಿಯೋರ ಕೈಗೆ ಕೊಟ್ರೆ ಬೆಲೆ ಬೀಳುತ್ತೆ. ಐದು ವರ್ಷ ತಾಳು, ಇದನ್ನ ಮಾರಿ ನಿನಗೊಂದು ನನಗೊಂದು ಪುಟ್ಟ ಕಾರು ತರ್ತೀನಿ."

ಪಾಪ, ತಾಳಿದಳು.

ಐದು ವರ್ಷ ತುಂಬಿದ ವಾರವೇ ಹಳೇ ಕಾರಿನ ದಲ್ಲಾಳಿ ಬಂದ. ಒಂದು ಸುತ್ತು ಹಾಕಿ, "ಚೆನ್ನಾಗಿಟ್ಟಿದ್ದೀರಿ ಸಾರ್" ಎಂದ. ಅಷ್ಟಕ್ಕೆ ಸುಮ್ಮನಿರಬಾರದೇ? ತಾವು ಎಷ್ಟು ಜೋಪಾನ ಮಾಡಿದ್ದೇವೆಂದು ತೋರಿಸುವ ಉಮೇದು ಅಳಿಯಂದಿರಿಗೆ. ಜೇಬಿನಿಂದ ಭೂತಗನ್ನಡಿ ತೆಗೆದರು.

"ಇಲ್ಲಿ ನೋಡಿ, ಕೂದಲೆಳೆಯಷ್ಟು. ಇಡೀ ಕಾರಿಗೆ ಹದಿಮೂರೇ ಗೀರು. ಅಲ್ಲ, ಹದಿನಾಲ್ಕು. ಇದು ಈಗ ಕಾಣಿಸ್ತು."

"ನನಗೆ ಒಂದೂ ಕಂಡಿರಲಿಲ್ಲ ಸಾರ್."

"ಬಗ್ಗಿ. ಬೆಳಕಿಗೆ ಅಡ್ಡ ಬರಬೇಡಿ."

ಸಾಕು ಮಾಡಿ ಎಂದು ಮಗಳು ಕಿಟಕಿಯಿಂದ ಕೈಸನ್ನೆ ಮಾಡಿದಳು. ಟಾರ್ಚು ಬೇಕಾ ಎಂದು ಕೇಳುತ್ತಿದ್ದಾಳೆಂದು ತಿಳಿದು ಇವರು "ತಾ, ತಾ" ಎಂದರು.

ದಲ್ಲಾಳಿ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದ್ದು ಕಾಲು ಬೆಲೆ. ಅಳಿಯಂದಿರು ಭೂತಗನ್ನಡಿ ಜೇಬಿಗೆ ಸೇರಿಸಿದರು.

"ಗೀರಿಗೆ ಇಷ್ಟು ಕಳೆದ್ರಾ?"

"ಗೀರಿಗೆ ಕಳೆದಿದ್ದು ಚೂರೇ ಸಾರ್. ಜನಕ್ಕೆ ಈಗ ಎತ್ತರದ ಕಾರು ಬೇಕು. ಇದೇ ಮಾಡೆಲ್ಲು ಊರ ತುಂಬ ಟ್ಯಾಕ್ಸಿ ಆಗಿದೆ. ಕಂಪನಿಯವರು ಹೋದ ವರ್ಷ ಇದನ್ನ ಮಾಡೋದೇ ನಿಲ್ಲಿಸಿದ್ರು, ನಾಳೆ ಬಿಡಿಭಾಗಕ್ಕೆ ಎಲ್ಲಿ ಅಲೀಲಿ? ಇಂಥದ್ದರ ಬೆಲೆ ಮೊದಲ ಮೂರು ವರ್ಷದಲ್ಲೇ ಧುಮುಕುತ್ತೆ. ನೀವು ಓಡಿಸಿದ್ರೂ ಅಷ್ಟೆ, ಮುದ್ದು ಮಾಡಿ ಮಲಗಿಸಿದ್ರೂ ಅಷ್ಟೆ."

ಅವನು ಹೋದಮೇಲೆ ಅಳಿಯಂದಿರು ಕಾರಿನೊಳಗೇ ಕೂತರು. ಹೆಂಡತಿ ಹತ್ತಿರ ಬಂದರೂ ಅವಳ ಮುಖ ನೋಡುವ ಧೈರ್ಯವಿಲ್ಲ.

"ಎರಡಿರಲಿ, ಒಂದು ಪುಟ್ಟ ಕಾರಿಗೂ ಸಾಲದು ಕಣೆ. ಐದು ವರ್ಷ ನಿನ್ನ ಸುಮ್ಮನೆ ಬಸ್ಸಿಗೆ ನಿಲ್ಲಿಸಿದೆ."

ಅವಳು ಒಳಗೆ ಹೋದಳು. ಅಳಲಿಕ್ಕೇ ಹೋದಳೆಂದುಕೊಂಡರು. ಚಪ್ಪಲಿ ತೆಗೆದು ಬೂಟು ಹಾಕಿಕೊಂಡು, ತಾಯಿಯನ್ನೂ ಕರೆದುಕೊಂಡು ಬಂದು ಬಾಗಿಲು ತೆಗೆದಳು.

"ಆ ಕಡೆ ಸರೀರಿ."

"ಯಾಕೆ?"

"ಆ ದಲ್ಲಾಳಿ ಹೊಟ್ಟೆ ತಣ್ಣಗಿರಲಿ. ಬೀಳೋಕೆ ಬೆಲೆನೇ ಉಳಿದಿಲ್ಲ ಅಂದ್ಮೇಲೆ ಇನ್ನು ನನಗೇನು ಭಯ? ಕಲಿಸಿ."

"ಆ ಕಂಪನಿಯವರನ್ನೂ ದೇವರು ಚೆನ್ನಾಗಿಟ್ಟಿರಲಿ" ಎಂದರು ಹಿಂದಿನ ಸೀಟಿನಿಂದ ಅತ್ತೆ. "ಒಳ್ಳೇ ಹೊತ್ತಿಗೆ ಇದನ್ನ ಮಾಡೋದು ನಿಲ್ಲಿಸಿದ್ರು."

ಕಾರು ಎರಡು ಸಲ ಕೆಮ್ಮಿತು, ಒಂದು ಸಲ ಜಿಗಿಯಿತು, ಗೇಟಿನ ಕಂಬಕ್ಕೆ ಕರ್ರೆಂದು ಉಜ್ಜಿಕೊಂಡು ನಿಂತಿತು. ಅಳಿಯಂದಿರು ಇಳಿದು ನೋಡಿದರು. ಬಾಗಿಲಿನ ಉದ್ದಕ್ಕೂ ಬೆರಳಗಲದ ಗೀರು. ಏನಾಶ್ಚರ್ಯವೋ, ಐದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಯಿತು.

"ಏನಾಯ್ತು ರೀ? ತುಂಬಾನಾ?"

ಅವರು ಮರಳಿ ಹತ್ತಿ ಬೆಲ್ಟು ಬಿಗಿದುಕೊಂಡರು.

"ಕಂಬಕ್ಕೇನೂ ಆಗಿಲ್ಲ. ನೀನು ಹೊರಡು."