ರೋಮಿನ ಮೆಟ್ಟಿಲ ಮೇಲೆ ಬಿಟ್ಟ ಬೂಟು

ದೇವರ ಮನೆಗೆ ಹೋಗುವವರಲ್ಲಿ ದೇವರ ಕಡೆ ನೋಡುವವರಿದ್ದಾರೆ, ಹೊರಗೆ ಬಿಟ್ಟ ಚಪ್ಪಲಿಯ ಕಡೆ ನೋಡುವವರೂ ಇದ್ದಾರೆ. ನಾನು ಎರಡನೆಯವರ ಪೈಕಿ. ಚಿಕ್ಕಬಳ್ಳಾಪುರದ ನಮ್ಮ ಚರ್ಚಿನಲ್ಲಿ ಆಗ ಬೆಂಚುಗಳಿರಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ಚಾಪೆಯ ಮೇಲೆ ಕೂರುತ್ತಿದ್ದೆವು. ನಾನು ಬಾಗಿಲು ಕಾಣುವಂಥ ಜಾಗ ಹಿಡಿದು, ಫಾದರ್ ಪ್ರಸಂಗ ಮಾಡುವಾಗಲೆಲ್ಲ ಕತ್ತು ತಿರುಗಿಸಿ ಚಪ್ಪಲಿ ಇದೆಯೋ ಹೋಯಿತೋ ಎಂದು ನೋಡುತ್ತಿದ್ದೆ. ಅದೇನು ಭಾರಿ ಚಪ್ಪಲಿಯಲ್ಲ. ಉಂಗುಷ್ಟ ಮತ್ತೆ ಮತ್ತೆ ಹೊಲಿಸಿದ್ದು, ಕಳ್ಳನೇ ನೋಡಿ ಅಯ್ಯೋ ಪಾಪ ಎನ್ನುವಂಥದ್ದು. ಆದರೆ ಎಲ್ಲ ಒಳ್ಳೆಯದೇ ಆಗುತ್ತದೆ ಎಂದು ನಂಬಿ ಸುಮ್ಮನೆ ಕೂರುವ ಸ್ವಭಾವ ನನಗೆ ಹುಟ್ಟಿನಿಂದಲೇ ಇಲ್ಲ. ಬಿಸಿಲು ಕಂಡರೆ ಬಾವಿಯ ಚಿಂತೆ, ಮೋಡ ಕಂಡರೆ ಸೂರಿನ ಚಿಂತೆ. ಹೈಸ್ಕೂಲಿನಲ್ಲಿ ಹುಡುಗರು ನನ್ನನ್ನು ಇನ್ನಾಸಪ್ಪ ಮೇಷ್ಟ್ರು ಎನ್ನುತ್ತಿದ್ದದ್ದು ಎದುರಿಗೆ ಮಾತ್ರ. ಬೆನ್ನ ಹಿಂದೆ ಅಳುಮುಂಜಿ ಮೇಷ್ಟ್ರು.

ನನ್ನ ಹೆಂಡತಿ ಆರೋಗ್ಯಮ್ಮನಿಗೆ ನನ್ನ ಈ ಕಾವಲುಗಾರಿಕೆ ಎಂದರೆ ತಲೆ ತಗ್ಗಿಸುವ ವಿಷಯ. ನಾನು ಕತ್ತು ತಿರುಗಿಸಿದ ಕೂಡಲೇ ಹೆಂಗಸರ ಸಾಲಿನಿಂದ ಒಂದು ಸಣ್ಣ ಕೆಮ್ಮು ಬರುತ್ತಿತ್ತು. ನಾನು ತಟ್ಟನೆ ಪೀಠದ ಕಡೆ ತಿರುಗಿ ಕೈ ಮುಗಿಯುತ್ತಿದ್ದೆ. ಮನೆಗೆ ಬರುವ ದಾರಿಯುದ್ದಕ್ಕೂ ಮಂಗಳಾರತಿ. "ನೀವು ದೇವ್ರನ್ನ ನೋಡಕ್ಕೆ ಬರ್ತೀರೋ, ಚಪ್ಪಲಿ ಕಾಯಕ್ಕೆ ಬರ್ತೀರೋ? ಆ ಸಂಬಳ ಯಾರು ಕೊಡ್ತಾರೆ ನಿಮ್ಗೆ?" ಕೊನೆಕೊನೆಗೆ ನಾನು ತಿರುಗದಿದ್ದರೂ ಕೆಮ್ಮತೊಡಗಿದಳು. "ನಾನು ಆ ಕಡೆ ನೋಡೇ ಇಲ್ವಲ್ಲೇ, ಸುಮ್‌ಸುಮ್ನೆ ಯಾಕೆ ಕೆಮ್ತೀಯ?" ಎಂದು ಜಗಳ ತೆಗೆದೆ. "ಇದು ನಿಮ್ಗಲ್ಲ ಕಣ್ರೀ, ನಂಗೇ ಬಂದಿದ್ದು" ಎಂದಳು. ಅದು ಎದೆಯ ಕಾಯಿಲೆ ಎಂದು ಬೆಂಗಳೂರಿನ ಡಾಕ್ಟರು ಹೇಳುವ ಹೊತ್ತಿಗೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ರೋಮಿನ ಸುದ್ದಿ ಎದ್ದದ್ದು ಅವಳಿನ್ನೂ ಗಟ್ಟಿಯಾಗಿ ಓಡಾಡಿಕೊಂಡಿದ್ದಾಗ, ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ. ನಮ್ಮಲ್ಲಿ ಬಹಳ ವರ್ಷ ಇದ್ದು, ರಾಗಿಮುದ್ದೆ ನುಂಗುವುದನ್ನೂ ಕಲಿತು, ವಯಸ್ಸಾದ ಮೇಲೆ ತಮ್ಮ ಊರಿಗೆ ಮರಳಿದ್ದ ಇಟಲಿಯ ದೊಡ್ಡ ಸ್ವಾಮಿಗಳು, ಯುವಜನ ಸಂಘದ ಹುಡುಗ ಹುಡುಗಿಯರನ್ನು ರೋಮಿಗೆ ತೀರ್ಥಯಾತ್ರೆ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದರು. ಖರ್ಚೆಲ್ಲ ಅಲ್ಲಿನ ಭಕ್ತರದು. ಜೊತೆಗೆ ಒಬ್ಬ ಹಿರಿಯರು ಬೇಕಿತ್ತು. ನಮ್ಮ ಫಾದರ್ ನೇರವಾಗಿ ಮನೆಗೇ ಬಂದು, "ಮೇಷ್ಟ್ರೇ, ಈ ಊರಲ್ಲಿ ನಿಮ್ಮಷ್ಟು ಭಯ ಇರೋರು ಇನ್ಯಾರೂ ಇಲ್ಲ. ನೀವಿದ್ರೆ ಒಂದು ಮಗೂನೂ ಕಳೆದುಹೋಗಲ್ಲ" ಎಂದರು. ಹೊಗಳಿಕೆಯೋ ಬೈಗುಳವೋ ಇವತ್ತಿಗೂ ಗೊತ್ತಾಗಿಲ್ಲ. ನಾನು ವಿಮಾನ ಬೀಳುವ ವಿಚಾರ ಎತ್ತುವಷ್ಟರಲ್ಲಿ ಆರೋಗ್ಯಮ್ಮ ಒಳಗಿನಿಂದಲೇ, "ಬರ್ತಾರೆ ಫಾದರ್, ಬರ್ದೇ ಏನು!" ಎಂದು ಒಪ್ಪಿಬಿಟ್ಟಳು.

ಒಪ್ಪಿದ್ದು ಮಾತ್ರವಲ್ಲ, ಬೂಟನ್ನೂ ತಂದಳು. ಅವಳು ಶಿಡ್ಲಘಟ್ಟದವಳು, ರೇಷ್ಮೆ ನೂಲು ತೆಗೆಯುವ ಮನೆಯ ಮಗಳು. ಒಂದು ಭಾನುವಾರ ಮಧ್ಯಾಹ್ನ ನಾನು ಊಟ ಮಾಡಿ ಗೊರಕೆ ಹೊಡೆಯುತ್ತಿದ್ದಾಗ ನನ್ನ ಪಾದಕ್ಕೆ ರೇಷ್ಮೆ ಎಳೆ ಹಿಡಿದು ಅಳತೆ ತೆಗೆದು, ಬಜಾರಿನ ಬಾಷಾ ಸಾಹೇಬರ ಅಂಗಡಿಗೆ ಹೋಗಿ ಕಪ್ಪು ಚರ್ಮದ ಬೂಟು ಕೊಂಡು ತಂದಿದ್ದಳು. ಹಾಕಿ ನೋಡಿದರೆ ಸಡಿಲ. "ಇದು ಬೂಟೋ ದೋಣಿಯೋ? ಇದರಲ್ಲಿ ಕೂತ್ಕೊಂಡೇ ಸಮುದ್ರ ದಾಟಬಹುದು" ಎಂದೆ. "ಚಳಿ ದೇಶ ಅಂತೆ ಕಣ್ರೀ, ಎರಡೆರಡು ಕಾಲುಚೀಲ ಹಾಕ್ಕೋಬೇಕಾಗುತ್ತೆ. ಆಗ ಸರಿಹೋಗುತ್ತೆ, ನೋಡ್ತಿರಿ" ಎಂದಳು. ನಾನು ಮುಖ ಊದಿಸಿಕೊಂಡು ಡಬ್ಬವನ್ನು ಅಟ್ಟದ ಮೇಲೆ ಎಸೆದೆ. ಪಾಸ್‌ಪೋರ್ಟು, ಇನ್ನೊಂದು, ಮತ್ತೊಂದು ಎಂದು ಯಾತ್ರೆ ಮುಂದೆ ಹೋಗುತ್ತಲೇ ಹೋಯಿತು. ಅಷ್ಟರಲ್ಲಿ ಅವಳೇ ಹೊರಟುಹೋದಳು. ಕರೆಸಿಕೊಳ್ಳುವ ವಿಷಯದಲ್ಲಿ ದೇವರಿಗೆ ಯಾವ ಪಾಸ್‌ಪೋರ್ಟೂ ಬೇಡ. ಅವಳು ನನಗಾಗಿ ಕೊಂಡ ಕೊನೆಯ ವಸ್ತು ಅಟ್ಟದ ಮೇಲೆ ಧೂಳು ತಿನ್ನುತ್ತಾ ಉಳಿಯಿತು.

ಅವಳಿಲ್ಲದ ಮೇಲೆ ರೋಮಾದರೇನು, ಮಂಚೇನಹಳ್ಳಿಯಾದರೇನು? ಬರುವುದಿಲ್ಲ ಎಂದೆ. ಫಾದರ್ ಬಿಡಲಿಲ್ಲ. "ಅಮ್ಮನೋರು ಒಪ್ಪಿದ ಮಾತು ಮೇಷ್ಟ್ರೇ" ಎಂದರು. ಹೀಗೆ ಒಂದು ದಸರಾ ರಜೆಯಲ್ಲಿ, ನಾಲ್ಕು ಊರಿನ ಹುಡುಗ ಹುಡುಗಿಯರನ್ನು ಕೋಳಿಮರಿಗಳ ಹಾಗೆ ಒಟ್ಟುಮಾಡಿಕೊಂಡು ಹೊರಟೆ. ಇವರಲ್ಲಿ ಬಾಯಿ ಜೋರಿನವಳು ಶಿಡ್ಲಘಟ್ಟದ ಲೂರ್ದುಮೇರಿ, ಆರೋಗ್ಯಮ್ಮನ ಅಣ್ಣನ ಮಗಳು. ಇನ್ನೊಬ್ಬ ಚಿಂತಾಮಣಿಯ ಜೋಜಪ್ಪ; ಗಾಬರಿಯಾದರೆ ಅವನ ಕನ್ನಡ ಹಾರಿಹೋಗಿ ತೆಲುಗು ಬರುತ್ತಿತ್ತು. ಗೌರಿಬಿದನೂರಿನವರು ಮಾತಾಡುವುದಕ್ಕಿಂತ ಚಕ್ಕುಲಿ ತಿಂದದ್ದೇ ಹೆಚ್ಚು. ಎಲ್ಲರ ಕಾಲಿಗೂ ಯಾತ್ರೆಗೆಂದೇ ಕೊಂಡ ಹೊಸ ಷೂ. ನನ್ನ ಕಾಲಿಗೆ ಅಟ್ಟದಿಂದ ಇಳಿಸಿದ ದೋಣಿ. ರೋಮಿನಲ್ಲಿ ಇಳಿದಾಗ ಮಳೆ ಹನಿಯುತ್ತಿತ್ತು, ಚಳಿ. ಎರಡೆರಡು ಕಾಲುಚೀಲ ಹಾಕಿಕೊಂಡೆ. ಬೂಟು ಹೇಳಿ ಮಾಡಿಸಿದ ಹಾಗೆ ಕೂತಿತು. ಸರಿಹೋಯ್ತು ಕಣೇ ಎಂದು ಹೇಳೋಣವೆಂದರೆ ಯಾರಿಗೆ ಹೇಳುವುದು? ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮರುದಿನ ದೊಡ್ಡ ಸ್ವಾಮಿಗಳು ನಮ್ಮನ್ನು ವ್ಯಾನಿನಲ್ಲಿ ತುಂಬಿಕೊಂಡು ಒಂದು ಪುರಾತನ ಚರ್ಚಿನ ಮುಂದೆ ಇಳಿಸಿದರು. "ನೀವು ಒಳಗೆ ಹೋಗಿರಿ, ನಾನು ವ್ಯಾನು ನಿಲ್ಲಿಸೋಕೆ ಜಾಗ ಹುಡುಕಿ ಬರ್ತೀನಿ" ಎಂದು ಹೋದರು. ನಾವು ಮೆಟ್ಟಿಲು ಹತ್ತಿ, ಯಾರೂ ಯಾರಿಗೂ ಹೇಳದೆ, ಬಾಗಿಲ ಪಕ್ಕದಲ್ಲಿ ಷೂ ಕಳಚಿ ಸಾಲಾಗಿ ಜೋಡಿಸಿದೆವು. ಹೆಣ್ಣುಮಕ್ಕಳು ಕಾಲುಚೀಲವನ್ನು ಮಡಿಸಿ ಒಳಗಿಟ್ಟರು. ಆಗ ನನಗೆ ಅನುಮಾನ ಬಂತು.

"ಅಲ್ಲ ಕಣೋ ಜೋಜಪ್ಪ, ಬೇರೆ ಯಾರ ಚಪ್ಪಲೀನೂ ಇಲ್ವಲ್ಲೋ?"

"ಒಳಗಡೆ ಜನ ಇಲ್ಲ ಅನ್ಸುತ್ತೆ ಸಾರ್."

ಒಳಗೆ ಕಾಲಿಟ್ಟರೆ ಜಾತ್ರೆಯಂಥ ಜನ! ಎಲ್ಲರ ಕಾಲಲ್ಲೂ ಬೂಟು. ಲೂರ್ದುಮೇರಿ ಬಾಯ ಮೇಲೆ ಕೈ ಇಟ್ಟುಕೊಂಡು, "ಮಾವ, ಬೂಟ್ ಕಾಲಲ್ಲೇ ಬಂದವ್ರಲ್ಲ, ಪಾಪ ಬರಲ್ವಾ ಇವ್ರಿಗೆ?" ಎಂದಳು. "ಅವರ ಊರು, ಅವರ ಪಾಪ. ಸುಮ್ನೆ ನಡಿಯಮ್ಮ" ಎಂದೆ. ಅಮೃತಶಿಲೆಯ ನೆಲ ಮಂಜುಗಡ್ಡೆಯ ಹಾಗಿತ್ತು. ನ್ಯಾಯವಾಗಿ ನಾನು ಆಗಲೇ ತಿರುಗಿ ಬಾಗಿಲ ಕಡೆ ನೋಡಬೇಕಿತ್ತು. ಆದರೆ ಒಂದು ಮೂಲೆಯಲ್ಲಿ ಮಾತೆ ಮರಿಯಮ್ಮನ ಮುಂದೆ ಮೇಣದ ಬತ್ತಿಗಳು ಉರಿಯುತ್ತಿದ್ದವು. ನಾನೂ ಒಂದು ಹಚ್ಚಿ ಆರೋಗ್ಯಮ್ಮನ ಹೆಸರು ಹೇಳಿ ಮೊಣಕಾಲೂರಿದೆ. ಏನು ಬೇಡಿಕೊಂಡೆನೋ ನೆನಪಿಲ್ಲ. ಅಳು ಬಂತು, ಅತ್ತೆ. ಜೀವಮಾನದಲ್ಲಿ ಅದೊಂದು ಸಲ ಚಪ್ಪಲಿಯ ಯೋಚನೆ ತಲೆಗೆ ಬರಲಿಲ್ಲ, ಕತ್ತು ತಿರುಗಲಿಲ್ಲ. ಅವಳ ಮಾತು ಕೇಳಿ ದೇವರನ್ನೇ ನೋಡಿದೆ.

ಹೊರಗೆ ಬಂದರೆ ಮೆಟ್ಟಿಲು ಬೋಳು.

"ಅಯ್ಯೋ ದೇವುಡಾ!" ಎಂದು ಜೋಜಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಮಳೆ ಜೋರಾಗಿತ್ತು. ಚಿಕ್ಕಬಳ್ಳಾಪುರದಿಂದ ಬಂದ ಭಕ್ತಮಂಡಳಿ ಒಂಟಿಕಾಲಿನ ಕೊಕ್ಕರೆಗಳ ಹಾಗೆ ಕಾಲು ಬದಲಾಯಿಸುತ್ತಾ ನಿಂತಿತು. ಉಳಿದವರಿಗೆ ಹೋದದ್ದು ಷೂ. ನಾನು ಬೂಟು ಬಿಟ್ಟಿದ್ದ ಜಾಗವನ್ನೇ ನೋಡುತ್ತಾ ನಿಂತೆ. ಲೂರ್ದುಮೇರಿ ಮಾತ್ರ ನನ್ನ ಕಾಲು ನೋಡಿ, "ಅತ್ತೆ ತಂದಿದ್ದು..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಅಷ್ಟರಲ್ಲಿ ದೊಡ್ಡ ಸ್ವಾಮಿಗಳು ಬಂದರು. ಒಳಗೆ ಹೋಗಿ ಚರ್ಚು ನೋಡಿಕೊಳ್ಳುವವನನ್ನು ವಿಚಾರಿಸಿ, ನಗುತ್ತಾ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದರು.

"ಇನ್ನಾಸಪ್ಪಾ, ಇದು ಚಿಕ್ಕಬಳ್ಳಾಪುರ ಅಲ್ಲಪ್ಪ! ಇಲ್ಲಿ ಯಾರೂ ಬೂಟು ಬಿಚ್ಚಲ್ಲ. ಅಷ್ಟು ಚೆನ್ನಾಗಿ ಜೋಡಿಸಿಟ್ಟಿದ್ದು ನೋಡಿ, ಯಾರೋ ಪುಣ್ಯಾತ್ಮರು ಬಡವರಿಗೆ ದಾನ ಕೊಟ್ಟವ್ರೆ ಅಂತ ಹಿಂದಿನ ಕೋಣೆಗೆ ತಗೊಂಡುಹೋಗವ್ರೆ."

ಮಳೆಯಲ್ಲಿ ನೆನೆಯುತ್ತಾ ಹಿಂದಿನ ಓಣಿಗೆ ಓಡಿದೆವು. ಅಲ್ಲಿ ಬಡವರಿಗೆ ಬಟ್ಟೆಬರೆ ಹಂಚುತ್ತಿದ್ದರು. ಮಕ್ಕಳ ಷೂ ಎಲ್ಲ ಸಿಕ್ಕಿತು. ನನ್ನದು ಮಾತ್ರ ಇರಲಿಲ್ಲ. ಆಗಷ್ಟೇ ಒಬ್ಬನಿಗೆ ಕೊಟ್ಟೆವು ಎಂದು ಹಂಚುತ್ತಿದ್ದ ಸಿಸ್ಟರ್ ಹೇಳಿದರಂತೆ. ಲೂರ್ದುಮೇರಿ ನನ್ನ ತೋಳು ಎಳೆದಳು. "ಮಾವ, ಅಗೋ!" ಜಗಲಿಯ ಬೆಂಚಿನ ಮೇಲೆ, ಗಡ್ಡ ಬಿಟ್ಟ ಒಬ್ಬ ಮುದುಕ ಕಾಲುಗಳನ್ನು ಮುಂದಕ್ಕೆ ಚಾಚಿ, ಆರೋಗ್ಯಮ್ಮನ ಬೂಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಅವನಿಗೆ ಒಂದು ಜೊತೆ ಕಾಲುಚೀಲವೂ ಬೇಕಿರಲಿಲ್ಲ, ಸರಿಯಾಗಿ ಕೂತಿತ್ತು.

"ಕೇಳಲೇನಪ್ಪಾ? ತಪ್ಪು ಆಗೋಯ್ತು ಅಂತ ಹೇಳಿದ್ರೆ ಕೊಡ್ತಾನೆ" ಎಂದರು ಸ್ವಾಮಿಗಳು. ನಾನು ಬಿರಬಿರನೆ ಅವನ ಮುಂದೆ ಹೋಗಿ ನಿಂತೆ. ಕೇಳಿಯೇಬಿಡಬೇಕೆಂದಿದ್ದೆ, ನನ್ನ ಹೆಂಡತಿ ಎಳೆ ಹಿಡಿದು ಅಳೆದು ತಂದದ್ದು, ಬಿಚ್ಚಯ್ಯ ಎಂದು. ಅವನು ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ನನ್ನ ಕಾಲು ನೋಡಿದ. ಕಾಲುಚೀಲ ನೀರು ಸುರಿಸುತ್ತಿತ್ತು, ಒಂದು ಹೆಬ್ಬೆರಳು ಹೊರಗೆ ಬಂದಿತ್ತು. ಅವನ ಮುಖ ಸಣ್ಣದಾಯಿತು. ಕೈ ಎತ್ತಿ ಆ ಕೋಣೆಯ ಕಡೆ ತೋರಿಸಿ ಮೆಲ್ಲಗೆ ಏನೋ ಹೇಳಿದ.

"ಏನಂತೆ?" ಎಂದೆ.

ಸ್ವಾಮಿಗಳು ಈಗ ನಗುತ್ತಿರಲಿಲ್ಲ. "ಅಲ್ಲಿ ಹೋಗು, ನಿಂಗೂ ಕೊಡ್ತಾರೆ, ನಾಚ್ಕೋಬೇಡ ಅಂತಾನೆ."

ಏನು ಕೇಳಲಿ ಅವನನ್ನು? ಹೋಗಿ ಸಾಲಿನಲ್ಲಿ ನಿಂತೆ. ಯಾರೋ ಕೊಟ್ಟ ಕಂದು ಬೂಟು ಸಿಕ್ಕಿತು. ಬಿಗಿ. ಯಾತ್ರೆಯ ಉಳಿದ ದಿನಗಳಲ್ಲೆಲ್ಲ ಸಂತರ ಸಮಾಧಿಗಳನ್ನು ಕುಂಟುತ್ತಾ ನೋಡಿದೆ. ಫಾದರ್ ಹೇಳಿದಂತೆ ಒಂದು ಮಗುವೂ ಕಳೆದುಹೋಗಲಿಲ್ಲ. ಊರಿಗೆ ಬಂದ ಮೇಲೆ ಬೂಟನ್ನು ಸ್ವಲ್ಪ ಹಿಗ್ಗಿಸಿಕೊಡಿ ಎಂದು ಬಾಷಾ ಸಾಹೇಬರ ಬಳಿ ಒಯ್ದೆ. ಅವರು ತಿರುಗಿಸಿ ನೋಡಿ, "ಮಾಲು ಒಳ್ಳೇದು ಮೇಷ್ಟ್ರೇ, ಆದ್ರೆ ಅಳತೆ ತಗೊಂಡೋರು ಯಾರು?" ಎಂದರು. ಯಾರೂ ತಗೊಂಡಿಲ್ಲ ಎಂದೆ.

ಈಗಲೂ ಭಾನುವಾರ ಆ ಬಿಗಿ ಬೂಟಲ್ಲೇ ಚರ್ಚಿಗೆ ಹೋಗುತ್ತೇನೆ, ಬಾಗಿಲ ಹೊರಗೆ ಬಿಡುತ್ತೇನೆ, ಪ್ರಸಂಗದ ಹೊತ್ತಿಗೆ ಕತ್ತು ತಾನಾಗಿ ತಿರುಗುತ್ತದೆ. ಯಾರಾದರೂ ಕದ್ದರೆ ನನ್ನ ಕಿರುಬೆರಳು ಅವರನ್ನು ಹರಸೀತು. ಯಾರೂ ಕದಿಯುವುದಿಲ್ಲ. ಬೇಡವೆಂದು ಹೇಳುವವರಿಲ್ಲದ್ದರಿಂದ ತಿರುಗಿದ ಕತ್ತು ಪೂಜೆ ಮುಗಿಯುವ ತನಕ ಹಾಗೆಯೇ ಇರುತ್ತದೆ. ಮೊನ್ನೆ ಹೀಗೆಯೇ ನೋಡುತ್ತಾ ಕೂತಿದ್ದಾಗ ಹೆಂಗಸರ ಸಾಲಿನಲ್ಲಿ ಯಾರೋ ಕೆಮ್ಮಿದರು. ನಾನು ತಟ್ಟನೆ ಪೀಠದ ಕಡೆ ತಿರುಗಿ ಕೈ ಮುಗಿದೆ. ಕೆಮ್ಮಿದವರು ಯಾರೆಂದು ತಿರುಗಿ ನೋಡಲು ಮಾತ್ರ ಧೈರ್ಯ ಬರಲಿಲ್ಲ.